ಸ್ಯಾನ್ ಫ್ರಾನ್ಸಿಸ್ಕೋ ದಕ್ಕೆಯಲ್ಲಿ ಅಮ್ಮನ ಜೊತೆ ಏಡಿ ಊಟ

ಅಕ್ಕನ ಬಾಣಂತನಕ್ಕೆ ಅಂತ ಅಮ್ಮ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫ್ರೀಮಾಂಟ್‌ಗೆ ಹೋಗಿ ಮೂರು ತಿಂಗಳಾಗಿತ್ತು. ಮೂರು ತಿಂಗಳೂ ಮಗು, ಎಣ್ಣೆ, ಬಿಸಿನೀರು, ಕಾಳುಮೆಣಸಿನ ಸಾರು. ಮನೆಯಿಂದ ಹೊರಗೆ ಕಾಲಿಟ್ಟಿದ್ದು ಎರಡೋ ಮೂರೋ ಸಲ. ಜನವರಿಯಲ್ಲಿ ನಾನು ಬೆಂಗಳೂರಿನಿಂದ ಅಲ್ಲಿಗೆ ಹೋದಾಗ ಅಕ್ಕನೇ ಹೇಳಿದಳು: "ಅಮ್ಮನ್ನ ಎಲ್ಲಾದ್ರೂ ಕಡಲ ಹತ್ರ ಕರ್ಕೊಂಡು ಹೋಗು. ಒಳ್ಳೆ ಮೀನು ತಿನ್ಸು." ಹೋಟೆಲ್ ರೂಮನ್ನೂ ಅವಳೇ ಬುಕ್ ಮಾಡಿದಳು. ಮಗು ನೋಡಿಕೊಳ್ಳಲು ಭಾವ ರಜೆ ಹಾಕಿದರು.

ಅಮ್ಮನ ತವರು ಗಂಗೊಳ್ಳಿ. ಪಂಚಗಂಗಾವಳಿ ಕಡಲು ಸೇರುವ ಅಳಿವೆಯ ದಡದಲ್ಲೇ ಅವಳು ಬೆಳೆದದ್ದು. ಅಜ್ಜನಿಗೆ ರಂಪಣಿಯಲ್ಲಿ, ಅಂದರೆ ಹತ್ತಾರು ಜನ ದಡದಿಂದ ಎಳೆಯುವ ದೊಡ್ಡ ಬಲೆಯಲ್ಲಿ, ಪಾಲಿತ್ತು. ಮೀನಿನ ವಿಷಯದಲ್ಲಿ ಅವಳ ಕಣ್ಣು, ಮೂಗು ಎರಡಕ್ಕೂ ಮೋಸ ಮಾಡಲು ಆಗುವುದಿಲ್ಲ. ಅವಳನ್ನು ಕರೆದುಕೊಂಡು ಸ್ಯಾನ್ ಫ್ರಾನ್ಸಿಸ್ಕೋದ ಮೀನುಗಾರರ ದಕ್ಕೆ, ಈಗ ಪ್ರವಾಸಿಗರೇ ತುಂಬಿರುವ ಫಿಶರ್‌ಮನ್ಸ್ ವಾರ್ಫ್‌ಗೆ ಹೋಗುವುದು ಸರಿಯಾ ಅಂತ ನನಗೇ ಅನುಮಾನವಿತ್ತು.

ಮೊದಲ ದಿನ

ಫ್ರೀಮಾಂಟ್‌ನಿಂದ ಬಾರ್ಟ್ ರೈಲಿನಲ್ಲಿ ಎಂಬಾರ್ಕಡೆರೊ. ಅಲ್ಲಿ ಮೇಲೆ ಹತ್ತಿ ಬಂದರೆ ಎಫ್ ಲೈನಿನ ಹಳೇ ಟ್ರಾಮ್. ನಮಗೆ ಸಿಕ್ಕಿದ್ದು ಇಟಲಿಯ ಮಿಲಾನ್‌ನಿಂದ ತಂದ ಕಿತ್ತಳೆ ಬಣ್ಣದ್ದು. ಒಳಗೆ ಮರದ ಬೆಂಚು. ತಿರುವಿನಲ್ಲೆಲ್ಲ ಕಿರ್ರ್ ಅನ್ನುವ ಸದ್ದು. ಬಲಗಡೆ ಉದ್ದಕ್ಕೂ ಕಡಲು. ಅಮ್ಮ ಕಿಟಕಿ ಬಿಟ್ಟು ಅಲುಗಾಡಲಿಲ್ಲ.

ಇಳಿದ ಕೂಡಲೇ ಮಳೆ. ಜೋರೇನಲ್ಲ, ಆದರೆ ಗಾಳಿ ಅಡ್ಡಕ್ಕೆ ಬೀಸುತ್ತದೆ. ಎರಡೇ ನಿಮಿಷಕ್ಕೆ ಕೊಡೆ ತಿರುಗಿ ಹೋಯಿತು. "ಎಂತ ಚಳಿ ಮಾರಾಯ್ತಿ!" ಅಂದಳು ಅಮ್ಮ. ಈ ಊರಿಗೆ ಕೊಡೆ ಪ್ರಯೋಜನವಿಲ್ಲ. ಟೋಪಿ ಇರುವ ಮಳೆ ಕೋಟು, ಒಳಗೆ ಒಂದು ಸ್ವೆಟರ್ ಇದ್ದರೆ ನೆಮ್ಮದಿ. ಜೂನ್‌ನಲ್ಲಿ ಬಂದರೂ ಸ್ವೆಟರ್ ಬೇಕು, ಆಗ ಮಳೆಯ ಬದಲು ಮಂಜು ಅಂತ ಅಕ್ಕ ಮೊದಲೇ ಎಚ್ಚರಿಸಿದ್ದಳು.

ಪಿಯರ್ 39 ಅನ್ನುವ ದಕ್ಕೆಯಲ್ಲಿ ಸೀ ಲಯನ್‌ಗಳ (ಸೀಲ್‌ನಂಥ ಕಡಲ ಪ್ರಾಣಿಗಳು) ಕೂಗು ದೂರದಿಂದಲೇ ಕೇಳುತ್ತಿತ್ತು. ತೇಲುವ ಮರದ ಹಲಗೆಗಳ ಮೇಲೆ ಒಂದರ ಮೇಲೊಂದು ಬಿದ್ದುಕೊಂಡಿದ್ದವು. 1989ರ ಅಕ್ಟೋಬರ್‌ನಲ್ಲಿ ಇಲ್ಲಿ ದೊಡ್ಡ ಭೂಕಂಪ ಆಯಿತು. ಅದಾದ ಸ್ವಲ್ಪ ದಿನಕ್ಕೆ ಇವು ಒಂದೊಂದಾಗಿ ಬರಲು ಶುರು ಮಾಡಿದವು. 1990ರ ಜನವರಿ ಹೊತ್ತಿಗೆ ದೋಣಿ ಕಟ್ಟುವ ಜಾಗವನ್ನೆಲ್ಲ ಹಿಡಿದುಬಿಟ್ಟವು. ಓಡಿಸುವುದು ಬೇಡ ಅಂತ ತೀರ್ಮಾನಿಸಿ ದೋಣಿಗಳನ್ನೇ ಬೇರೆ ಕಡೆ ಕಟ್ಟಿದರು. ಚಳಿಗಾಲದಲ್ಲಿ ಹೆರಿಂಗ್ ಮೀನು ಮೊಟ್ಟೆ ಇಡಲು ಈ ಕೊಲ್ಲಿಯೊಳಗೆ ಬರುತ್ತದೆ. ಇವುಗಳಿಗೆ ಅದೇ ಹಬ್ಬ. "ಹೊಟ್ಟೆ ತುಂಬಿದ್ ಮುಖ ಕಾಣ್" ಅಂತ ಅಮ್ಮ ಒಂದನ್ನು ತೋರಿಸಿದಳು. ಅರ್ಧ ಗಂಟೆ ಅಲ್ಲೇ ನಿಂತೆವು.

ಹಸಿವಾಗಿತ್ತು, ಒದ್ದೆಯಾಗಿದ್ದೆವು. ಕಣ್ಣಿಗೆ ಕಂಡ ಮೊದಲ ಹೋಟೆಲಿಗೆ ನುಗ್ಗಿದೆವು. ಬಾಗಿಲಲ್ಲಿ ದೊಡ್ಡ ಏಡಿಯ ಬೋರ್ಡು, ಒಳಗೆಲ್ಲ ಬಣ್ಣದ ದೀಪ. ಅರ್ಧ ಏಡಿ ಹೇಳಿದೆವು. ತಟ್ಟೆ ಬಂತು, ಅಮ್ಮ ಒಂದು ಕಾಲು ಮುರಿದಳು. ಮಾಂಸ ಚಿಪ್ಪಿಗೆ ಅಂಟಿಕೊಂಡೇ ಇತ್ತು. ಎಳೆದರೆ ಹತ್ತಿಯ ಹಾಗೆ ಎಳೆ ಎಳೆ, ಜೊತೆಗೆ ನೀರು. ಅಮ್ಮ ಮಾತಾಡಲಿಲ್ಲ. ಕಾಲನ್ನು ತಟ್ಟೆಯಲ್ಲಿಟ್ಟು ಬರೀ ಬ್ರೆಡ್ ತಿಂದಳು. ಬಿಲ್ ನೋಡಿ ನನಗೆ ಹೊಟ್ಟೆ ಉರಿಯಿತು. ದುಡ್ಡು ಹೋದದ್ದಕ್ಕಿಂತ, ಮೂರು ತಿಂಗಳ ನಂತರ ಅಮ್ಮ ತಿಂದ ಮೊದಲ ಹೋಟೆಲ್ ಮೀನು ಇದಾಯಿತಲ್ಲ ಅನ್ನುವುದೇ ಹೆಚ್ಚು ಬೇಜಾರು.

ಹೊರಗೆ ಬಂದ ಮೇಲೆ ಅವಳೇ ಹೇಳಿದಳು. "ನಿನ್ ಅಜ್ಜ ಹೇಳ್ತಿದ್ರ್, ಬೋಟ್ ಕಾಣದಲ್ಲಿ ಮೀನ್ ತಿಂಬುಕಾಗ ಅಂತ. ಇಲ್ಲಿ ಬೋಟ್ ಎಲ್ಲಿತ್ತ್?"

ಸರಿ, ಬೋಟು ಹುಡುಕಿಕೊಂಡು ಹೊರಟೆವು. ಟೇಲರ್ ರಸ್ತೆಯ ಮೂಲೆಯಲ್ಲಿ ಹಡಗಿನ ಚಕ್ರದ ಒಳಗೆ ಏಡಿ ಕೂತಿರುವ ದೊಡ್ಡ ಫಲಕ ಇದೆ. ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಜಾಗ. ಹೆಚ್ಚಿನವರು ಅಲ್ಲಿಂದಲೇ ವಾಪಸ್ ಹೋಗುತ್ತಾರೆ. ಜೆಫರ್ಸನ್ ರಸ್ತೆಯಲ್ಲಿ ಪಶ್ಚಿಮಕ್ಕೆ ಇನ್ನೂ ಸ್ವಲ್ಪ ನಡೆದರೆ ಸಾಕು, ಅಂಗಡಿಗಳ ಸಾಲಿನ ನಡುವೆ ನೀರು ಕಾಣುತ್ತದೆ. ಅಲ್ಲಿತ್ತು ನಿಜವಾದ ದಕ್ಕೆ. ನೀಲಿ, ಬಿಳಿ ಬಣ್ಣದ ಸಣ್ಣ ಮರದ ಬೋಟುಗಳು. ಅವನ್ನು ಮಾಂಟೆರೇ ಕ್ಲಿಪ್ಪರ್ ಅನ್ನುತ್ತಾರೆ. ಇಟಲಿಯಿಂದ ವಲಸೆ ಬಂದ ಮೀನುಗಾರರ ಕಾಲದವು. ಅವುಗಳ ಆಚೆ ದೊಡ್ಡ ಉಕ್ಕಿನ ಬೋಟುಗಳು. ಡೀಸೆಲ್, ಉಪ್ಪು, ಹಳೇ ಬಲೆಯ ವಾಸನೆ. ಅಮ್ಮ ಮಳೆಯಲ್ಲೇ ನಿಂತು ಒಂದು ಸಲ ಉಸಿರು ಎಳೆದುಕೊಂಡಳು. ಅವಳ ಮುಖ ಆವಾಗ ಅರಳಿತು.

ದಕ್ಕೆಯ ಅಂಚಿನಲ್ಲಿ ಒಬ್ಬ ವಯಸ್ಸಾದವರು ತಗಡಿನ ಮಾಡಿನ ಕೆಳಗೆ ಕೂತು ಏಡಿ ಬೋನು ರಿಪೇರಿ ಮಾಡುತ್ತಿದ್ದರು. ಕಬ್ಬಿಣದ ದುಂಡು ಚೌಕಟ್ಟು, ಸುತ್ತ ತಂತಿಯ ಹೆಣಿಗೆ. ಅಮ್ಮ ಸೀದಾ ಹೋಗಿ ಎದುರು ನಿಂತಳು. ಅವರು ನಕ್ಕರು. ನಾನು ನಡುವೆ ನಿಂತು ಅವರ ಮಾತನ್ನು ಇವಳಿಗೆ, ಇವಳದನ್ನು ಅವರಿಗೆ ಹೇಳಿದೆ. ಅವರ ತಾತ ಸಿಸಿಲಿಯಿಂದ ಬಂದವರಂತೆ. ನಮ್ಮ ಅಜ್ಜನಿಗೂ ಬಲೆ ಇತ್ತು ಅಂದಾಗ ಒಂದು ಖಾಲಿ ಡಬ್ಬ ತಿರುಗಿಸಿ ಇಟ್ಟು ಅಮ್ಮನಿಗೆ ಕೂರಲು ಹೇಳಿದರು.

ಬೋನಿನಲ್ಲಿ ಎರಡು ಉಂಗುರ ಇರುತ್ತವೆ. ಸಣ್ಣ ಏಡಿ ಅದರಿಂದ ನುಸುಳಿ ಹೊರಗೆ ಹೋಗಲಿ ಅಂತ. ಚಿಪ್ಪಿನ ಅಗಲ ಆರೂಕಾಲು ಇಂಚು ಆಗದ ಏಡಿಯನ್ನು ಇಟ್ಟುಕೊಳ್ಳುವ ಹಾಗಿಲ್ಲ. ಹೆಣ್ಣು ಏಡಿ ಸಿಕ್ಕರೆ ಎಷ್ಟೇ ದೊಡ್ಡದಿರಲಿ, ನೀರಿಗೆ ವಾಪಸ್. ಮುಚ್ಚಳಕ್ಕೆ ಕಟ್ಟುವ ಕೊಕ್ಕೆಯಲ್ಲಿ ಒಂದು ಕಡೆ ಹತ್ತಿಯ ದಾರ. ಅದು ಯಾಕೆ ಗೊತ್ತಾ? ಬಿರುಗಾಳಿಗೆ ಬೋನು ತಪ್ಪಿ ಕಡಲ ತಳದಲ್ಲಿ ಉಳಿದುಬಿಟ್ಟರೆ ಸ್ವಲ್ಪ ದಿನಕ್ಕೆ ಹತ್ತಿ ಕೊಳೆತು ಕಡಿದುಹೋಗುತ್ತದೆ. ಮುಚ್ಚಳ ತೆರೆದುಕೊಳ್ಳುತ್ತದೆ. ಒಳಗಿದ್ದ ಏಡಿ ಹೊರಗೆ ಹೋಗುತ್ತದೆ. ಕಾನೂನೇ ಹಾಗಿದೆಯಂತೆ. ಅಮ್ಮ ಆ ದಾರವನ್ನು ಬೆರಳಲ್ಲಿ ತಿಕ್ಕಿ ತಿಕ್ಕಿ ನೋಡಿದಳು. ಅವರು ಉಂಡೆಯಿಂದ ಒಂದು ಮೊಳ ಕತ್ತರಿಸಿ ಅವಳ ಕೈಯಲ್ಲಿಟ್ಟರು. ಅಮ್ಮ ಅದನ್ನು ಮಡಚಿ ಪರ್ಸಿಗೆ ಹಾಕಿಕೊಂಡಳು.

ಹಿಂದೆಲ್ಲ ನವೆಂಬರ್ ಮಧ್ಯಕ್ಕೇ ಏಡಿ ಸೀಸನ್ ಶುರುವಾಗುತ್ತಿತ್ತು. ಈಗ ತಿಮಿಂಗಿಲಗಳು ತೆಂಕಣಕ್ಕೆ ಹೋಗುವ ತನಕ ಕಾಯಬೇಕು. ಬೋನಿನ ಹಗ್ಗಕ್ಕೆ ಅವು ಸಿಕ್ಕಿಹಾಕಿಕೊಳ್ಳುತ್ತವೆ. ಈ ಸಲ ಜನವರಿಯಲ್ಲಿ ಬೋಟು ಇಳಿದದ್ದು. 2015ರಲ್ಲಿ ಏಡಿಯಲ್ಲೇ ಪಾಚಿಯ ವಿಷ ಸೇರಿ, ಮುಂದಿನ ಮಾರ್ಚ್‌ವರೆಗೂ ಇಲ್ಲಿ ಯಾರೂ ಬೋನು ಹಾಕಲಿಲ್ಲ. 2020ರ ಮೇ ತಿಂಗಳಲ್ಲಿ ಪಕ್ಕದ ಪಿಯರ್ 45ರ ಗೋದಾಮಿಗೆ ಬೆಂಕಿ ಬಿದ್ದು ಸಾವಿರಾರು ಬೋನುಗಳು ಸುಟ್ಟುಹೋದವು. ಅದರಲ್ಲಿ ಇವರವೂ ಇದ್ದವು. ಹೇಳುವಾಗ ಅವರ ಕೈ ಮಾತ್ರ ನಿಲ್ಲಲಿಲ್ಲ, ತಂತಿ ಹೆಣೆಯುತ್ತಲೇ ಇತ್ತು.

ನಮ್ಮಲ್ಲೂ ಜೂನ್, ಜುಲೈ 61 ದಿನ ಬೋಟು ಇಳಿಸುವ ಹಾಗಿಲ್ಲ ಅಂತ ಹೇಳಿದೆ. ಅವರು ತಲೆಯಾಡಿಸಿದರು. ನಾಳೆ ಊಟ ಎಲ್ಲಿ ಮಾಡಲಿ ಅಂತ ಕೇಳಿದೆ. ಅವರು ಬಾಯಿ ತೆರೆಯಲಿಲ್ಲ. ಬೋಟುಗಳ ಆಚೆ, ದಕ್ಕೆಯ ತುದಿಯ ಕಡೆ ಗಲ್ಲ ಎತ್ತಿ ತೋರಿಸಿದರು. ಅಲ್ಲಿ ಬೆಳಕಿದ್ದ ಕಟ್ಟಡ ಸ್ಕೋಮಾಸ್ ಹೋಟೆಲ್.

ಎರಡನೇ ದಿನ

ಬೆಳಿಗ್ಗೆ ಮಳೆ ನಿಂತಿತ್ತು. ಹೋಟೆಲಿನ ತಿಂಡಿ ಬಿಟ್ಟು ಬೋಡಿನ್ ಬೇಕರಿಗೆ ಹೋದೆವು. ಅದು 1849ರಿಂದ ಇದೆ. ಗಾಜಿನ ಆಚೆ ಹಿಟ್ಟು ನಾದುವವರು ಆಮೆ, ಏಡಿ, ಮೊಸಳೆ ಆಕಾರದ ಬ್ರೆಡ್ ಮಾಡುವುದು ರಸ್ತೆಯಿಂದಲೇ ಕಾಣುತ್ತದೆ. ಇವರ ಸವರ್‌ಡೋ ಬ್ರೆಡ್ಡಿಗೆ ಹೊಸ ಈಸ್ಟ್ ಹಾಕುವುದಿಲ್ಲ. ನಿನ್ನೆಯ ಹುಳಿ ಹಿಟ್ಟಿನ ಒಂದು ಮುದ್ದೆ ಇಂದಿನದಕ್ಕೆ. 1906ರ ಭೂಕಂಪದಲ್ಲಿ ಆ ಮನೆಯ ಹೆಂಗಸು ಹುಳಿ ಹಿಟ್ಟನ್ನು ಬಕೆಟ್‌ನಲ್ಲಿ ಎತ್ತಿಕೊಂಡು ಓಡಿದಳು ಅನ್ನುವ ಕಥೆ ಇಲ್ಲಿದೆ. ಅಮ್ಮನಿಗೆ ಅದರಲ್ಲಿ ಆಶ್ಚರ್ಯವೇ ಕಾಣಲಿಲ್ಲ. "ಮತ್ತೆಂತ ತಕಂಡ್ ಓಡೂದ್?" ಅಂದಳು. ಊರಲ್ಲಿ ಅವಳು ಮೊಸರಿನ ಹೆಪ್ಪನ್ನು ಪಕ್ಕದ ಮನೆಯಲ್ಲಿ ಇಟ್ಟೇ ವಿಮಾನ ಹತ್ತಿದವಳು.

ಪಿಯರ್ 45ರ ಹತ್ತಿರ ಮೀನುಗಾರರ ಒಂದು ಸಣ್ಣ ಚರ್ಚ್ ಇದೆ. ಬಾಗಿಲು ಹಾಕಿತ್ತು. ಸಿಸಿಲಿಯ ಮೀನುಗಾರರ ದೇವಿ ಮಡೋನಾ ದೆಲ್ ಲೂಮೆಗೆ ಇಲ್ಲಿ ಅಕ್ಟೋಬರ್‌ನಲ್ಲಿ ಮೆರವಣಿಗೆ ನಡೆಯುತ್ತದೆ. ಬೋಟುಗಳಿಗೆ ಆಶೀರ್ವಾದ ಮಾಡುತ್ತಾರೆ. ನಮ್ಮಲ್ಲಿ ನೂಲ ಹುಣ್ಣಿಮೆಗೆ ಕಡಲಿಗೆ ಹಾಲು ಎರೆದು ಪೂಜೆ ಮಾಡುವ ಹಾಗೇ ಅಲ್ವಾ? ಅಮ್ಮ ಚಪ್ಪಲಿ ಬಿಟ್ಟು ಮುಚ್ಚಿದ ಬಾಗಿಲಿಗೇ ಕೈಮುಗಿದಳು.

ಹನ್ನೆರಡಕ್ಕೆ ಮೊದಲೇ ಸ್ಕೋಮಾಸ್ ತಲುಪಿದೆವು. ಪಿಯರ್ 47ರಲ್ಲಿ, ರಸ್ತೆಯಿಂದ ಒಳಕ್ಕೆ ಒಂದು ಓಣಿಯ ತುದಿಯಲ್ಲಿದೆ. ಸುಮ್ನೆ ಓಡಾಡುವವರ ಕಣ್ಣಿಗೆ ಬೀಳುವ ಜಾಗವಲ್ಲ. ಅಲ್ ಮತ್ತು ಜೋ ಸ್ಕೋಮಾ ಅನ್ನುವ ಅಣ್ಣತಮ್ಮಂದಿರು 1965ರಲ್ಲಿ ಶುರು ಮಾಡಿದ್ದು. ಅದಕ್ಕೂ ಮೊದಲು ಇಲ್ಲಿ ಮೀನುಗಾರರಿಗೆ ಕಾಫಿ ಕೊಡುವ ಪುಟ್ಟ ಅಂಗಡಿ ಇತ್ತು, ಆರೇ ಸ್ಟೂಲು. ಓಣಿಗೇ ಈಗ ಅಲ್ ಸ್ಕೋಮಾ ಅವರ ಹೆಸರು, ಕಟ್ಟಡದ ನಂಬರ್ 1965. ಪ್ರವಾಸಿಗರು ಇಲ್ಲಿಗೂ ಬರುತ್ತಾರೆ, ಸಂಜೆ ಹೊತ್ತು ಜಾಗ ಸಿಗುವುದು ಕಷ್ಟ. ವಾರದ ದಿನ ಮಧ್ಯಾಹ್ನ ಬೇಗ ಹೋದರೆ ಕಿಟಕಿ ಪಕ್ಕ ಕೂರಬಹುದು. ನಮಗೆ ಸಿಕ್ಕಿತು.

ಒಳಗೆ ಹೋಗುವ ಮೊದಲು ಅಮ್ಮ ಕಟ್ಟಡದ ಪಕ್ಕಕ್ಕೆ ತಿರುಗಿದಳು. ಬೋಟಿನಿಂದ ಮೀನು ಇಳಿಸಿಕೊಂಡು ಹೆಚ್ಚುವ ಜಾಗ ಅಲ್ಲೇ ಇದೆ, ಹೋಟೆಲಿನದೇ. ಐಸ್ ತುಂಬಿದ ಡಬ್ಬಗಳು, ಉದ್ದನೆಯ ಕತ್ತಿ, ತೊಳೆದ ನೆಲ. ಒಬ್ಬ ಹುಡುಗ ದೊಡ್ಡ ಮೀನೊಂದರ ಬೆನ್ನುಮೂಳೆ ಬಿಡಿಸುತ್ತಿದ್ದ. ಅಮ್ಮ ನಿಂತು ಅವನ ಕೈ ನೋಡಿದಳು. ಮೀನಿನ ಕಣ್ಣು ನೋಡಿದಳು. "ಅಡ್ಡಿಲ್ಲೆ, ಬಾ" ಅಂದಳು.

ಬಡಿಸಲು ಬಂದವರು ಬಹಳ ವರ್ಷದಿಂದ ಇಲ್ಲೇ ಇರುವವರು. ಏಡಿ ಎಲ್ಲಿಯದು ಅಂತ ಕೇಳಿದೆ. ಈ ವಾರ ಇಲ್ಲಿನ ಬೋಟಿನದೇ ಅಂದರು. ಬೇಸಿಗೆಯಲ್ಲಿ ಇಲ್ಲಿ ಸೀಸನ್ ಮುಗಿದ ಮೇಲೆ ಉತ್ತರದ ಕಡೆಯಿಂದ ತರಿಸುತ್ತಾರಂತೆ. ಈ ಪ್ರಶ್ನೆಯನ್ನು ವಾರ್ಫ್‌ನಲ್ಲಿ ಎಲ್ಲಿ ಕೂತರೂ ಕೇಳಬೇಕು. ಮೊದಲ ದಿನ ನಾನು ಕೇಳಿರಲಿಲ್ಲ. ಮೆನುವಿನಲ್ಲಿ ಏಡಿಯ ಮುಂದೆ ರೇಟಿನ ಬದಲು 'ಮಾರ್ಕೆಟ್ ಪ್ರೈಸ್' ಅಂತ ಬರೆದಿದ್ದರೆ ಅದನ್ನೂ ಕೇಳಿಯೇ ಆರ್ಡರ್ ಮಾಡಿ.

ನಾವು ಹೇಳಿದ್ದು ಚೊಪ್ಪಿನೋ. ಈ ಊರಿನ ಮೀನುಗಾರರದೇ ಅಡುಗೆ ಇದು. ಇಟಲಿಯ ಜಿನೋವಾದಲ್ಲಿ ಚುಪ್ಪಿನ್ ಅನ್ನುವ ಮೀನಿನ ಸಾರು ಇದೆ, ಅದರ ಹೆಸರೇ ಇಲ್ಲಿ ಹೀಗಾಯಿತು. ಮಾರಿ ಉಳಿದ ಮೀನು, ಚಿಪ್ಪು, ಏಡಿ ಏನಿದ್ದರೂ ಟೊಮೆಟೊ, ಬೆಳ್ಳುಳ್ಳಿ, ವೈನ್ ಜೊತೆ ಒಂದೇ ಪಾತ್ರೆಯಲ್ಲಿ ಬೇಯಿಸಿಕೊಳ್ಳುತ್ತಿದ್ದರು. ಸ್ಕೋಮಾಸ್‌ನಲ್ಲಿ ಏಡಿಯ ಚಿಪ್ಪು ಬಿಡಿಸಿ ಕೊಡುವ ಬಗೆಯೂ ಇದೆ, ಅದರ ಹೆಸರು ಲೇಜಿ ಮ್ಯಾನ್ಸ್ ಚೊಪ್ಪಿನೋ. ಇಲ್ಲಿಗೆ ಬರುವವರೆಲ್ಲ ಕೇಳುವುದು ಅದನ್ನೇ. ಒಂದು ಬಟ್ಟಲಿಗೆ ನಮ್ಮ ದುಡ್ಡಲ್ಲಿ ನಾಲ್ಕು ಸಾವಿರ ದಾಟುತ್ತದೆ. ಒಂದು ಬಟ್ಟಲು ಇಬ್ಬರಿಗೆ ಧಾರಾಳ. ಮೇಲೆ ಟಿಪ್ಸ್ ನೂರಕ್ಕೆ ಹದಿನೆಂಟರಿಂದ ಇಪ್ಪತ್ತು ಕೊಡುವುದು ರೂಢಿ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ವೈನ್ ಇದೆ ಅಂತ ಅಮ್ಮನಿಗೆ ಮೊದಲೇ ಹೇಳಿದೆ. ಒಂದು ಕ್ಷಣ ಯೋಚಿಸಿದಳು. "ಬೇಯ್ಸಿದ್ದಲ್ದಾ? ಅಡ್ಡಿಲ್ಲೆ."

ಬಟ್ಟಲು ಬಂತು. ಇಟ್ಟಿಗೆ ಕೆಂಪು ಬಣ್ಣದ ಸಾರು, ಮೇಲೆ ಹಬೆ. ಚಿಪ್ಪು ಬಾಯಿ ಬಿಟ್ಟ ಮರುವಾಯಿ, ಪಚ್ಚಿಲೆ. ಬಾಗಿದ ಸಿಗಡಿ. ಬೊಂಡಾಸ್, ಅಂದರೆ ಸ್ಕ್ವಿಡ್. ಬಿಳಿ ಮೀನಿನ ದಪ್ಪ ತುಂಡು. ಎಲ್ಲದರ ಮೇಲೆ ಗುಡ್ಡೆ ಹಾಕಿದ ಏಡಿ ಮಾಂಸ. ಅಮ್ಮ ಮೊದಲು ಏಡಿ ತೆಗೆದುಕೊಂಡಳು. ಬೆರಳಷ್ಟು ದಪ್ಪದ ತುಂಡು, ಅಂಚಿನಲ್ಲಿ ಕೆಂಪು. ಬಾಯಿಗೆ ಹಾಕಿ ಕಣ್ಣು ಮುಚ್ಚಿದಳು. ನಾನೂ ತಿಂದೆ. ಸಿಹಿ. ಅದಕ್ಕೆ ಬೇರೆ ಮಾತಿಲ್ಲ. ನಮ್ಮ ಕಡೆಯ ಏಡಿಯ ಸಿಹಿ ಉಪ್ಪಿನ ಹಿಂದೆ ಇರುತ್ತದೆ. ಇದರಲ್ಲಿ ಸಿಹಿಯೇ ಮುಂದೆ. ತಣ್ಣೀರಿನ ಏಡಿ, ಮಾಂಸ ಗಟ್ಟಿ.

ಆಮೇಲೆ ಅವಳು ಚಮಚ ಬಿಟ್ಟು ಬ್ರೆಡ್ ಮುರಿದು ಸಾರಿಗೆ ಅದ್ದಿದಳು. ಎರಡನೇ ತುತ್ತಿಗೆ ನನ್ನ ಕಡೆ ನೋಡಿದಳು. "ಇದ್ ನಮ್ ಬದಿ ಸಾರೇ ಅಲ್ದಾ? ಕಾಯಿ ಒಂದ್ ಹಾಕ್ಲಿಲ್ಲೆ." ಅಜ್ಜನ ಕಾಲದಲ್ಲಿ ರಂಪಣಿ ಎಳೆದು ಮುಗಿದ ಮೇಲೆ, ಮಾರಾಟಕ್ಕೆ ಹೋಗದ ಚಿಲ್ಲರೆ ಮೀನನ್ನೆಲ್ಲ ಒಟ್ಟಿಗೆ ಹಾಕಿ ಹೊಯಿಗೆ ಮೇಲೇ ಒಲೆ ಹೂಡಿ ಸಾರು ಮಾಡುತ್ತಿದ್ದರಂತೆ. ಒಣಮೆಣಸು, ಹುಳಿ, ಉಪ್ಪು. ಬಲೆ ಎಳೆದ ಎಲ್ಲರಿಗೂ ಅದೇ ಊಟ. ಆ ಸಾರಿನ ರುಚಿ ಮನೆಯಲ್ಲಿ ಯಾವತ್ತೂ ಬರಲಿಲ್ಲ ಅಂದಳು. ಇದೆಲ್ಲ ನನಗೆ ಅವಳು ಹಿಂದೆಂದೂ ಹೇಳಿರಲಿಲ್ಲ. ಕಿಟಕಿಯ ಆಚೆ ಒಂದು ಬೋಟು ಬಂದು ಕಟ್ಟಿಕೊಳ್ಳುತ್ತಿತ್ತು, ಅದನ್ನೇ ನೋಡುತ್ತಾ ಹೇಳಿದಳು.

ವಾರ್ಫ್ ಬರೀ ಪ್ರವಾಸಿಗರ ದುಡ್ಡು ಕೀಳುವ ಜಾಗ, ಅಲ್ಲಿ ಊಟ ಮಾಡಬೇಡಿ ಅಂತ ಎಷ್ಟೋ ಜನ ಹೇಳಿದ್ದರು. ನಾನು ಅದನ್ನು ಒಪ್ಪುವುದಿಲ್ಲ. ದುಬಾರಿ ಹೌದು. ಆದರೆ ಬೋಟು ಬಂದು ನಿಲ್ಲುವ ಬಾಗಿಲು ಇನ್ನೂ ಇದೆ, ಅದನ್ನು ಹುಡುಕಿಕೊಂಡು ಹೋಗಬೇಕು. 1925ರಲ್ಲಿ ಮೀನಿನ ಅಂಗಡಿಯಾಗಿ ಶುರುವಾದ ಅಲಿಯೋಟೋಸ್ ಹೋಟೆಲ್ ಕೊರೋನಾ ಸಮಯದಲ್ಲಿ ಮುಚ್ಚಿದ್ದು ಮತ್ತೆ ತೆರೆಯಲೇ ಇಲ್ಲ. ಸ್ಕೋಮಾಸ್‌ನಂಥವೂ ಹೋಗಿಬಿಟ್ಟರೆ ಆ ಓಣಿಯಲ್ಲಿ ಟೀ ಶರ್ಟ್ ಅಂಗಡಿ ಮಾತ್ರ ಉಳಿಯುತ್ತದೆ. ನನಗೆ ಅದು ಸಂಕಟದ ವಿಷಯ.

ಹೊರಗೆ ಬಂದು ನಿನ್ನೆಯ ತಗಡಿನ ಮಾಡಿನ ಹತ್ತಿರ ಹೋದೆವು. ಅವರು ಇರಲಿಲ್ಲ. ಬೋನುಗಳೂ ಇರಲಿಲ್ಲ. ಕಡಲಿಗೆ ಹೋಗಿರಬೇಕು.

ಮೂರನೇ ದಿನ

ಬೆಳಿಗ್ಗೆ ಫ್ರೀಮಾಂಟ್‌ಗೆ ವಾಪಸ್. ಆದರೆ ಅಮ್ಮನ ತಲೆಯಲ್ಲಿ ಏಡಿ ಕೂತಿತ್ತು. ಅಕ್ಕನಿಗೆ ಏಡಿ ಸುಕ್ಕ ಮಾಡಿ ಹಾಕಬೇಕು ಅಂತ ಹಟ. ಮಗುವನ್ನೂ ಕಟ್ಟಿಕೊಂಡು ಎಲ್ಲರೂ ಭಾವನ ಕಾರಿನಲ್ಲಿ ಹಾಫ್ ಮೂನ್ ಬೇ ಕಡೆ ಹೊರಟೆವು. ಸ್ಯಾನ್ ಮಟೇಯೋ ಸೇತುವೆ ದಾಟಿ, 92ನೇ ಹೆದ್ದಾರಿಯಲ್ಲಿ ಗುಡ್ಡ ಹತ್ತಿ ಇಳಿಯಬೇಕು. ಗುಡ್ಡದ ಮೇಲೆ ದಟ್ಟ ಮಂಜು. ತಿರುವುಗಳು ಜಾಸ್ತಿ. ಮಗು ಮಾತ್ರ ನಿದ್ದೆ ಮಾಡಿತು, ಅಕ್ಕನಿಗೆ ತಲೆ ಸುತ್ತಿತು. ಕೆಳಗೆ ಇಳಿದಾಗ ಒಮ್ಮೆಲೇ ಬಿಸಿಲು, ಎದುರಿಗೆ ಕಡಲು.

ಪಿಲ್ಲರ್ ಪಾಯಿಂಟ್ ಬಂದರಿನಲ್ಲಿ ಸೀಸನ್ ಇದ್ದಾಗ ಬೋಟಿನವರೇ ನೇರವಾಗಿ ಏಡಿ ಮಾರುತ್ತಾರೆ. ಜಾನ್ಸನ್ ಪಿಯರ್‌ನಿಂದ ತೇಲುವ ದಕ್ಕೆಗೆ ಇಳಿಯುವ ಏಣಿದಾರಿ ಇಳಿತದ ಹೊತ್ತಿಗೆ ತುಂಬಾ ಕಡಿದಾಗಿರುತ್ತದೆ, ಒದ್ದೆ ಬೇರೆ. ವಯಸ್ಸಾದವರಿದ್ದರೆ ಭರತದ ಹೊತ್ತು ನೋಡಿಕೊಂಡು ಹೋಗುವುದು ಒಳ್ಳೆಯದು. ಅಮ್ಮ ನನ್ನ ಕೈ ಹಿಡಿದು ಅಡ್ಡಡ್ಡ ಹೆಜ್ಜೆ ಇಟ್ಟು ಇಳಿದಳು. ಒಂದು ಬೋಟಿನಲ್ಲಿ ಹೆಂಗಸೊಬ್ಬರು ತೊಟ್ಟಿಯಿಂದ ಏಡಿ ಎತ್ತಿ ಎತ್ತಿ ಹಾಕುತ್ತಿದ್ದರು. ಕಂದು ಚಿಪ್ಪು, ಎರಡು ಅಂಗೈ ಸೇರಿಸಿದಷ್ಟು ಅಗಲ. ಅಮ್ಮ ಬೆರಳು ತೋರಿಸಿ ಒಂದೊಂದಾಗಿ ಆರಿಸಿದಳು. ಕಾಲು ಜೋರಾಗಿ ಆಡಿಸುವುದು, ಹಿಡಿದರೆ ಭಾರ ಇರುವುದು. ನಾಲ್ಕು ತೆಗೆದುಕೊಂಡೆವು. ಕಾರ್ಡ್ ನಡೆಯಲಿಲ್ಲ. ಭಾವನ ಪರ್ಸಿನಲ್ಲಿ ನೋಟಿದ್ದದ್ದು ಪುಣ್ಯ.

ಐಸ್ ಪೆಟ್ಟಿಗೆ ಮರೆತು ಬಂದಿದ್ದೆವು. ಭಾವ ಬಕೆಟ್‌ಗೆ ನಲ್ಲಿ ನೀರು ತುಂಬಲು ಹೊರಟರು. ಅಮ್ಮ ಓಡಿ ಬಂದು ತಡೆದಳು. ಸಿಹಿನೀರಿನಲ್ಲಿ ಕಡಲ ಏಡಿ ಸತ್ತೇಹೋಗುತ್ತದೆ. ಮಗುವಿನ ಹಳೇ ಟವೆಲನ್ನು ಕಡಲ ನೀರಲ್ಲಿ ಅದ್ದಿ ಹಿಂಡಿ ಅದರಲ್ಲಿ ಸುತ್ತಿದಳು. ಅರ್ಧ ದಾರಿಯಲ್ಲಿ ಒಂದು ಏಡಿ ಟವೆಲ್ ಬಿಡಿಸಿಕೊಂಡು ಬಂದು ಅಕ್ಕನ ಕಾಲ ಹತ್ತಿರ ಕೂತಿತ್ತು. ಅವಳ ಕೂಗಿಗೆ ಮಗು ಎದ್ದಿತು. ಕಾರು ಬದಿಗೆ ನಿಲ್ಲಿಸಿ, ಅಮ್ಮ ಹಿಂದಿನಿಂದ ಹಿಡಿದು ಎತ್ತಿದ ಮೇಲೆಯೇ ಪ್ರಯಾಣ ಮುಂದುವರಿದದ್ದು.

ಸಂಜೆ ಮನೆಯಲ್ಲಿ ಕೊತ್ತಂಬರಿ, ಮೆಣಸು ಹುರಿದ ವಾಸನೆ. ಫ್ರೋಜನ್ ಕಾಯಿತುರಿಯೇ ಗತಿ. ಅಮ್ಮ ಚಿಪ್ಪು ಕೀಳುವ ಮೊದಲು ಗಂಗೊಳ್ಳಿಗೆ ವಿಡಿಯೋ ಕಾಲ್ ಮಾಡಿಸಿದಳು. ಅಲ್ಲಿ ಆಗ ಬೆಳಗಿನ ಹೊತ್ತು. ಮಾವ ಇನ್ನೂ ಬೋಟಿಗೆ ಹೋಗುವವರು. ದಕ್ಕೆಯಲ್ಲೇ ಇದ್ದರು, ಹಿಂದೆ ಎಂಜಿನ್ ಸದ್ದು ಕೇಳುತ್ತಿತ್ತು. ಅಮ್ಮ ಏಡಿ ಎತ್ತಿ ತೋರಿಸಿದಳು.

"ಅಬ್ಬ! ಹೆಣ್ಣಾ ಗಂಡಾ?"

"ಇಲ್ಲಿ ಹೆಣ್ಣ್ ಹಿಡಿಯೂಕಿಲ್ಲೆ" ಅಂದಳು ಅಮ್ಮ. ಬೋನಿನ ಉಂಗುರದ ವಿಷಯ, ತಿಮಿಂಗಿಲದ ವಿಷಯ ಎಲ್ಲ ಹೇಳಿದಳು. ನಾನು ಬಿಟ್ಟದ್ದನ್ನೂ ಸೇರಿಸಿ ಹೇಳಿದಳು. ಕೈ ಒರೆಸಿಕೊಂಡು ಪರ್ಸಿನಿಂದ ಆ ಹತ್ತಿಯ ದಾರ ತಂದಳು. ತಳದಲ್ಲಿ ಉಳಿದ ಬೋನು ತನ್ನಷ್ಟಕ್ಕೆ ತೆರೆದುಕೊಳ್ಳುವುದು ಹೇಗೆ ಅಂತ ಬೆರಳಿಗೆ ಸುತ್ತಿ ತೋರಿಸಿದಳು.

ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಫೋನನ್ನು ಮುಖಕ್ಕೆ ಹತ್ತಿರ ತಂದರು.

"ಆ ದಾರ ಹತ್ರ ತಕಂಬಾ, ಕಾಂಬ" ಅಂದರು. "ಎಷ್ಟ್ ಎಳೆದ್ದ್ ಅದ್?"

ಅಮ್ಮ ದಾರದ ತುದಿ ಬಿಡಿಸಿ ಎಳೆ ಎಣಿಸಲು ಶುರು ಮಾಡಿದಳು.